ಮಗಳಿಗೊಂದು ಪತ್ರ: ಏಳನೇ ತಾರೀಕಿಗೆ ಕ್ರಾಂಜಿಗೆ ಹೋಗಿ ಬಾ

ಮಲ್ಪೆ, ಉಡುಪಿ
ಜುಲೈ 2

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಸಿಂಗಾಪುರದಲ್ಲಿ ನಿನಗೆ ಕೋಣೆ ಸಿಕ್ಕಿದ್ದು, ಹಡಗು ರಿಪೇರಿಯ ಯಾರ್ಡಿನಲ್ಲಿ ಕೆಲಸಕ್ಕೆ ಹಾಜರಾದದ್ದು, ಊಟಕ್ಕೆ ತೊಂದರೆಯಿಲ್ಲವೆಂದು ನೀನು ಹೇಳಿದ್ದು ಎಲ್ಲವನ್ನೂ ಅಮ್ಮ ತಿಳಿಸಿದ್ದಾಳೆ. ಬಜಪೆಯಲ್ಲಿ ನಿನ್ನನ್ನು ಕಳುಹಿಸಿಕೊಟ್ಟ ಬೆಳಿಗ್ಗೆ ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದದ್ದು ಕಳೆದ ಭಾನುವಾರ ನೀನು ಫೋನಿನಲ್ಲಿ ಕೇಳಿದ ಮಾತಿನ ಬಗ್ಗೆ. ಒಮ್ಮೆ ಅಲ್ಲಿನ ಕ್ರಾಂಜಿಯ ಯುದ್ಧ ಸ್ಮಶಾನಕ್ಕೆ ಹೋಗಿ ಬಾ ಎಂದು ನಾನು ಹೇಳಿದಾಗ, "ಯಾರದೋ ಯುದ್ಧದಲ್ಲಿ ಸತ್ತ ಯಾರೋ ಬಿಳಿಯರ ಸಮಾಧಿಗೆ ನಾನೇಕೆ ಹೋಗಬೇಕು ಅಪ್ಪ?" ಎಂದೆ. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ಹೊರಟು ನನ್ನ ಧ್ವನಿ ಏರಿತು, ಅಮ್ಮ ಫೋನ್ ತೆಗೆದುಕೊಂಡಳು. ಅದರಿಂದ ನಿನಗೆ ನೋವಾಗಿದ್ದರೆ ಕ್ಷಮಿಸು ಮಗಾ. ಆದರೆ ಹೋಗಬೇಕೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸತ್ತು ಕ್ರಾಂಜಿಯಲ್ಲಿ ಮಲಗಿರುವ ಕೆಲವು ಸೈನಿಕರು ನನಗೆ ಪರಿಚಯವಾದದ್ದು ಒಂದು ಬೋಟಿನ ಮೂಲಕ. ಕ್ರೇಟ್ ಎಂದು ಅದರ ಹೆಸರು, ವಿಷದ ಕಟ್ಟುಹಾವಿನ ಹೆಸರು. ಜಪಾನಿನಲ್ಲಿ ಕಟ್ಟಿದ ಮರದ ಮೀನುಗಾರಿಕಾ ಬೋಟು ಅದು, ಮೊದಲು ಕೋಫುಕು ಮಾರು ಎಂದು ಕರೆಯುತ್ತಿದ್ದರು. ಉದ್ದ ಸುಮಾರು 70 ಅಡಿ, ಅಗಲ 11 ಅಡಿ; ನಮ್ಮ ಬಂದರಿನ ಆಳಸಮುದ್ರದ ಬೋಟುಗಳ ಸಾಲಿನಲ್ಲಿ ಕಟ್ಟಿದ್ದರೆ ಬಹಳ ಸಪೂರವಾಗಿ ಕಾಣುತ್ತಿತ್ತು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ಕೈಸೇರಿದ ದಿನಗಳಲ್ಲಿ, ಬಿಲ್ ರೆನಾಲ್ಡ್ಸ್ ಎಂಬ ಆಸ್ಟ್ರೇಲಿಯದ ನಾವಿಕರು ಸುಮಾತ್ರಾದ ಕರಾವಳಿಯಲ್ಲಿ ಹಡಗು ಮುಳುಗಿ ಅನಾಥರಾದ ಸಾವಿರಕ್ಕೂ ಹೆಚ್ಚು ಜನರನ್ನು ಇದೇ ಬೋಟಿನಲ್ಲಿ ಸುರಕ್ಷಿತ ಸ್ಥಳಗಳಿಗೆ ಮುಟ್ಟಿಸಿ, ಕೊನೆಗೆ ಅದನ್ನು ಭಾರತದವರೆಗೂ ನಡೆಸಿಕೊಂಡು ಬಂದರು. ಅಲ್ಲಿಂದ ಅದು ಆಸ್ಟ್ರೇಲಿಯಕ್ಕೆ ಹೋಗಿ ಜೆಡ್ ಸ್ಪೆಷಲ್ ಯೂನಿಟ್ ಎಂಬ ಕಮಾಂಡೊ ಪಡೆಯ ಪಾಲಾಯಿತು. ಶತ್ರುವಿನ ನೆಲದೊಳಗೆ ಗುಟ್ಟಾಗಿ ನುಗ್ಗಿ ಕೆಲಸ ಮಾಡಿ ಬರುವುದಕ್ಕೆಂದೇ ಕಟ್ಟಿದ ಆ ಪಡೆಯಲ್ಲಿ ಹೆಚ್ಚಿನವರು ಆಸ್ಟ್ರೇಲಿಯದವರು, ಜೊತೆಗೆ ಬ್ರಿಟಿಷರೂ ಇತರರೂ ಇದ್ದರು.

1943ರ ಸೆಪ್ಟೆಂಬರ್ ತಿಂಗಳಲ್ಲಿ 14 ಜನ ಆ ಬೋಟಿನಲ್ಲಿ ಆಸ್ಟ್ರೇಲಿಯದ ಎಕ್ಸ್‌ಮತ್ ಕೊಲ್ಲಿಯಿಂದ ಸಿಂಗಾಪುರಕ್ಕೆ ಹೊರಟರು. ಬ್ರಿಟಿಷ್ ಸೈನ್ಯದ ಮೇಜರ್ ಐವನ್ ಲಯನ್ ಅವರ ಮುಖಂಡರು. ಹೊರಟ ಕೂಡಲೇ, ಎಂಜಿನಿನ ಶಕ್ತಿಯನ್ನು ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಮುಟ್ಟಿಸುವ ಶಾಫ್ಟಿನ ಕಪ್ಲಿಂಗ್ (ಜೋಡಣೆ) ಮುರಿಯಿತು. ಈ ಒಂದು ವಿಷಯವನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಹತ್ತಿರದಲ್ಲಿದ್ದ ಅಮೆರಿಕದ ಚಾಂಟಿಕ್ಲೀರ್ ಎಂಬ ನೌಕೆಯವರು ಅದನ್ನು ಸರಿಪಡಿಸಿ ಕೊಟ್ಟರು, ಆದರೆ ಅದು ತಾತ್ಕಾಲಿಕ ದುರಸ್ತಿ. ಜೀವಮಾನವಿಡೀ ಬೋಟಿನ ಎಂಜಿನ್ ಬಿಚ್ಚಿ ಕಟ್ಟಿದ ನನಗೆ ತಾತ್ಕಾಲಿಕ ದುರಸ್ತಿ ಎಂದರೇನೆಂದು ಗೊತ್ತು. ಬೆಸೆದ ಜಾಗವು ಹೊರಗಿನಿಂದ ನುಣುಪಾಗಿಯೇ ಕಾಣುತ್ತದೆ. ಒಳಗೆ ಬೆಸುಗೆ ಎಷ್ಟು ಆಳಕ್ಕೆ ಹಿಡಿದಿದೆ ಎಂಬುದು ಫ್ಯಾನಿಗೆ ಭಾರ ಬಿದ್ದಾಗ ಮಾತ್ರ ತಿಳಿಯುತ್ತದೆ. ಶಾಫ್ಟಿನಲ್ಲಿ ಕೂದಲೆಳೆಯಷ್ಟು ಓರೆ ಉಳಿದರೂ ನಡುಕ ಹುಟ್ಟುತ್ತದೆ, ನಡುಕ ಹುಟ್ಟಿದರೆ ಬೆಸುಗೆ ಬಾಯಿ ಬಿಡುತ್ತದೆ. ಅಂಥ ಬೋಟನ್ನು ಮಲ್ಪೆಯಿಂದ ಕಾಪುವಿನವರೆಗೆ ಕಳುಹಿಸುವುದಕ್ಕೂ ನಾನು ಒಪ್ಪುವವನಲ್ಲ. ಅವರು ಮರುದಿನವೇ, ಸೆಪ್ಟೆಂಬರ್ 2ರಂದು, ಅದೇ ಶಾಫ್ಟಿನ ಮೇಲೆ ಭರವಸೆಯಿಟ್ಟು ಮತ್ತೆ ಹೊರಟರು. ಮುಂದೆ ಇಂಡೋನೇಷ್ಯದ ಲೊಂಬೊಕ್ ಜಲಸಂಧಿಯನ್ನು ದಾಟಿ, ಜಪಾನೀ ಬಾವುಟ ಏರಿಸಿ, ಮೈಗೆ ಕಂದು ಬಣ್ಣ ಬಳಿದುಕೊಂಡು, ಸರೋಂಗ್ ಉಟ್ಟು, ಶತ್ರುವಿನ ಸಮುದ್ರದೊಳಗೆ ಹೋದರು. ಹಿಂದಿರುಗಿ ಎಕ್ಸ್‌ಮತ್ ಕೊಲ್ಲಿಯನ್ನು ಸೇರಿದ್ದು ಅಕ್ಟೋಬರ್ 19ರಂದು. ಅಷ್ಟೂ ದಿನ ಆ ಗಾರ್ಡನರ್ ಡೀಸೆಲ್ ಎಂಜಿನನ್ನು ನೋಡಿಕೊಂಡವರು ಮೆಕ್‌ಡೊವೆಲ್ ಎಂಬ ಸ್ಟೋಕರ್. ಎಣ್ಣೆಯ ವಾಸನೆ ಮತ್ತು ಸೆಕೆಯ ನಡುವೆ, ಹೊರಗೆ ಏನಾಗುತ್ತಿದೆ ಎಂಬುದು ಕಾಣದೆ, ಶಾಫ್ಟಿನ ಸದ್ದನ್ನೇ ಆಲಿಸುತ್ತ ಕುಳಿತ ಅವರನ್ನು ನಾನು ಕಣ್ಣಾರೆ ಕಂಡಂತೆ ಕಲ್ಪಿಸಿಕೊಳ್ಳಬಲ್ಲೆ. ಮರಳಿ ಬರುವಾಗ ಲೊಂಬೊಕ್ ಜಲಸಂಧಿಯಲ್ಲಿ ಜಪಾನೀಯರ ಯುದ್ಧನೌಕೆಯೊಂದು ಸಮೀಪಕ್ಕೆ ಬಂದು, ಜೊತೆಯಲ್ಲಿ ಸ್ವಲ್ಪ ದೂರ ಸಾಗಿ, ಏನನ್ನೂ ಕೇಳದೆ ತಿರುಗಿ ಹೋಯಿತು. ಆಗ ಎಂಜಿನ್ ಒಂದು ಸಲ ಕೆಮ್ಮಿ ನಿಂತಿದ್ದರೆ ಹದಿನಾಲ್ಕು ಜನರ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ದಾಳಿಯ ವಿವರವನ್ನು ಎಲ್ಲರೂ ಬರೆಯುತ್ತಾರೆ, ಆದ್ದರಿಂದ ನಾನು ಚಿಕ್ಕದಾಗಿ ಹೇಳುತ್ತೇನೆ. ಆರು ಜನ ಮಡಚುವ ಮೂರು ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಹುಟ್ಟು ಹಾಕುತ್ತ ಹೋಗಿ, ಸೆಪ್ಟೆಂಬರ್ 26ರ ರಾತ್ರಿ ಸಿಂಗಾಪುರದ ಬಂದರಿನಲ್ಲಿ ನಿಂತಿದ್ದ ಹಡಗುಗಳ ತಳಕ್ಕೆ ಲಿಂಪೆಟ್ ಮೈನುಗಳನ್ನು (ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಸಿಡಿಗುಂಡುಗಳನ್ನು) ಅಂಟಿಸಿ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆರೇಳು ಹಡಗುಗಳು ಸಿಡಿದವು. ಆ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಅಪಾಯವಾಗಲಿಲ್ಲ.

ಇಷ್ಟನ್ನೇ ಓದಿ ನಿಲ್ಲಿಸುವವರು ಇದನ್ನು ಸಾಹಸದ ಕಥೆ ಎನ್ನುತ್ತಾರೆ. ನನಗೆ ಹಾಗೆ ಎನ್ನಲು ಮನಸ್ಸು ಬರುವುದಿಲ್ಲ. ದೂರದಿಂದ ಬಂದವರು ಈ ಕೆಲಸ ಮಾಡಿರಬಹುದೆಂಬ ಊಹೆಯೇ ಜಪಾನೀ ಸೈನ್ಯದ ಪೊಲೀಸರಿಗೆ ಇರಲಿಲ್ಲ. ಊರಿನವರೇ ಮಾಡಿದ್ದಾರೆಂದು ನಂಬಿ, ಅಕ್ಟೋಬರ್ 10ರಿಂದ 57 ಜನ ನಾಗರಿಕರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಅವರಲ್ಲಿ 15 ಜನ ಬಂಧನದಲ್ಲಿಯೇ ಸತ್ತರು. ಆಸ್ಪತ್ರೆಯೊಂದರಲ್ಲಿ ಗಂಡನೊಂದಿಗೆ ಕ್ಯಾಂಟೀನ್ ನಡೆಸುತ್ತಿದ್ದ ಎಲಿಜಬೆತ್ ಚಾಯ್ ಎಂಬ ಮಹಿಳೆ ಸುಮಾರು 200 ದಿನ ಆ ನರಕವನ್ನು ಅನುಭವಿಸಿ, ತಾನು ಮಾಡದ ಕೆಲಸವನ್ನು ಒಪ್ಪಿಕೊಳ್ಳದೆ ಹೊರಬಂದರು. ಆಗ ಅವರಿಗೆ ಮೂವತ್ತು ವರ್ಷವಾಗಿತ್ತೋ ಏನೋ, ನಿನಗಿಂತ ಹೆಚ್ಚು ದೊಡ್ಡವರಲ್ಲ. ಅವರನ್ನು ಕೂಡಿಹಾಕಿದ್ದ ವೈ.ಎಂ.ಸಿ.ಎ. ಕಟ್ಟಡ ಈಗ ಇಲ್ಲ, ಆ ಜಾಗದಲ್ಲಿ ಹೊಸದಿದೆ. ನೀನು ಅದರ ಮುಂದೆ ಬಸ್ಸಿನಲ್ಲಿ ಹೋಗುತ್ತಿರಬಹುದು. ಕಮಾಂಡೊಗಳನ್ನು ನೆನೆಯುವಾಗ ಈ ಜನರನ್ನು ಬಿಟ್ಟು ನೆನೆಯುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಇನ್ನು ನನ್ನನ್ನು ನಿದ್ದೆಗೆಡಿಸುವ ಭಾಗ. ಒಂದು ವರ್ಷ ಕಳೆದ ಮೇಲೆ, 1944ರ ಸೆಪ್ಟೆಂಬರಿನಲ್ಲಿ, ಲಯನ್ ಅವರು 23 ಜನರ ತಂಡದೊಂದಿಗೆ ಮತ್ತೆ ಅದೇ ಬಂದರಿಗೆ ಹೊರಟರು. ಮೊದಲ ಸಲ ದೋಣಿಯಲ್ಲಿ ಹೋಗಿದ್ದ ಆರು ಜನರಲ್ಲಿ ಐವರು ಮತ್ತೆ ಜೊತೆಗೂಡಿದರು. ಈ ಸಲ ಜಲಾಂತರ್ಗಾಮಿ ಇತ್ತು, ನೀರಿನಡಿಯಲ್ಲಿ ಓಡುವ ಯಂತ್ರದ ದೋಣಿಗಳಿದ್ದವು, ತಯಾರಿ ಎಲ್ಲವೂ ದೊಡ್ಡದಾಗಿತ್ತು. ದಾರಿಯಲ್ಲಿ ಹಿಡಿದ ಹಾಯಿಹಡಗಿನಲ್ಲಿ ಸಿಂಗಾಪುರದ ಸಮೀಪಕ್ಕೆ ಬಂದಾಗ, ಅಕ್ಟೋಬರ್ 10ರಂದು, ಗಸ್ತಿನ ದೋಣಿಯೊಂದು ಎದುರಾಯಿತು, ಹಡಗಿನಿಂದ ಗುಂಡು ಹಾರಿತು. ಗುಟ್ಟು ಅಲ್ಲಿಗೆ ಒಡೆಯಿತು. ಲಯನ್ ಅವರು ಆರು ದಿನಗಳ ನಂತರ ಸೊರೆ ಎಂಬ ಪುಟ್ಟ ದ್ವೀಪದಲ್ಲಿ ಹೋರಾಡುತ್ತ ಸತ್ತರು. ಉಳಿದವರು ಮೆರಪಾಸ್ ದ್ವೀಪಕ್ಕೆ ಹೋಗಿ ಕಾದರು. ಕರೆದೊಯ್ಯಬೇಕಾದ ಜಲಾಂತರ್ಗಾಮಿ ಗೊತ್ತುಪಡಿಸಿದ ದಿನ ಬರಲಿಲ್ಲ, ತಡವಾಗಿ ಬಂದಾಗ ಅಲ್ಲಿ ಯಾರೂ ಸಿಗಲಿಲ್ಲ. ಇಪ್ಪತ್ತಮೂರು ಜನರಲ್ಲಿ ಒಬ್ಬರೂ ಮನೆಗೆ ಮರಳಲಿಲ್ಲ.

ಸೆರೆಸಿಕ್ಕ ಹತ್ತು ಜನರನ್ನು ಸಿಂಗಾಪುರದಲ್ಲಿ ವಿಚಾರಣೆಗೆ ನಿಲ್ಲಿಸಿ, 1945ರ ಜುಲೈ 7ರಂದು ತಲೆ ಕಡಿದರು. ಆಗಸ್ಟ್ 15ಕ್ಕೆ ಜಪಾನ್ ಸೋಲೊಪ್ಪಿತು. ನಡುವೆ ಐದು ವಾರ ಮತ್ತು ಕೆಲವು ದಿನ. ಇಲ್ಲಿ ಮೀನುಗಾರಿಕೆ ನಿಷೇಧದ ಅವಧಿಯೇ ಎರಡು ತಿಂಗಳು, ಬೋಟುಗಳು ಈಗ ದಡದಲ್ಲಿವೆ, ನಾನು ದಿನಾ ಎಂಜಿನ್ ಬಿಚ್ಚುತ್ತಿದ್ದೇನೆ. ಒಂದು ಬೋಟಿನ ಕೆಲಸ ಮುಗಿದು ಇನ್ನೊಂದಕ್ಕೆ ಕೈ ಹಾಕುವಾಗೆಲ್ಲ ಆ ಐದು ವಾರಗಳ ನೆನಪಾಗುತ್ತದೆ. ಆ ಹತ್ತು ಜನರಲ್ಲಿ ರಾಬರ್ಟ್ ಪೇಜ್ ಎಂಬ ಯುವಕರಿದ್ದರು, ವೈದ್ಯಕೀಯ ಓದನ್ನು ಬಿಟ್ಟು ಸೈನ್ಯಕ್ಕೆ ಬಂದವರು, ಮೊದಲ ದಾಳಿಯಿಂದ ಗೆದ್ದು ಬಂದವರು. ಅವರ ತಂದೆಯೂ ಜಪಾನೀಯರ ಸೆರೆಯಾಳಾಗಿ, 1942ರಲ್ಲಿ ಕೈದಿಗಳನ್ನು ಸಾಗಿಸುತ್ತಿದ್ದ ಮಾಂಟೆವಿಡಿಯೊ ಮಾರು ಹಡಗು ಮುಳುಗಿದಾಗ ತೀರಿಕೊಂಡಿದ್ದರು. ಆ ಮನೆಯ ತಾಯಿಯನ್ನು ನೆನೆದು ನೋಡು. ಸುವರ್ಣ ತ್ರಿಭುಜ ಬೋಟು 2018ರ ಡಿಸೆಂಬರಿನಲ್ಲಿ ಏಳು ಜನರೊಂದಿಗೆ ಕಾಣೆಯಾದಾಗ ನಮ್ಮ ಬಂದರು ಹೇಗಿತ್ತೆಂದು ನೀನು ನೋಡಿದ್ದೀಯ. ಮರುವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡೆ ಅವಶೇಷ ಸಿಗುವವರೆಗೆ ಆ ಮನೆಗಳವರು ಅಳುವುದಕ್ಕೂ ಆಗದೆ, ನಗುವುದಕ್ಕೂ ಆಗದೆ ಕಾದರು. ಜೆಡ್ ಪಡೆಯವರ ಮನೆಗಳಲ್ಲಿ ಗಂಡಸರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ತಿಳಿಸುವುದಕ್ಕೇ ಅನುಮತಿ ಇರಲಿಲ್ಲ.

ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆಂದು ನಿನಗೆ ಅರ್ಥವಾಗುತ್ತಿರಬಹುದು. ನನ್ನ ಹೆದರಿಕೆ ಎರಡನೇ ಸಲದ ಬಗ್ಗೆ. ಮೊದಲ ಸಲ ಹೋಗುವವನಿಗೆ ಭಯವಿರುತ್ತದೆ, ಭಯವಿರುವವನು ನಾಲ್ಕು ಸಲ ನೋಡುತ್ತಾನೆ. ನೀನು ಹಡಗಿನ ಟ್ಯಾಂಕಿಗೆ ಇಳಿಯುವ ಕೆಲಸದವಳು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆದಿದ್ದಾರೆಯೇ, ಪರ್ಮಿಟ್ಟಿಗೆ ಸಹಿ ಬಿದ್ದಿದೆಯೇ, ಟ್ಯಾಂಕಿನ ಬಾಯಿಯ ಬಳಿ ಒಬ್ಬರು ಕಾಯುತ್ತಿದ್ದಾರೆಯೇ ಎಂಬುದನ್ನು ಮೊದಲ ದಿನ ನೋಡಿದಂತೆಯೇ ನೂರನೇ ದಿನವೂ ನೋಡಬೇಕು. ನಿನ್ನೆ ಇಳಿದ ಟ್ಯಾಂಕೇ ತಾನೆ ಎಂದು ಇಂದು ಇಳಿಯಬಾರದು. ಮೇಲಿನವರು ಅವಸರ ಮಾಡಿದರೆ, ಹುಡುಗಿಗೆ ಧೈರ್ಯ ಸಾಲದು ಎಂದು ನಕ್ಕರೆ, ನಗಲಿ. ಮೀನಿನ ಗುಂಡಿಗೆ ಇಳಿದು ಉಸಿರುಕಟ್ಟಿದವರನ್ನು ಮೇಲೆತ್ತಿದ ಕೈಗಳಿವು, ಅದಕ್ಕಾಗಿ ಹೇಳುತ್ತಿದ್ದೇನೆ. ಕೆಲಸದಲ್ಲಿ ನಾಚಿಕೆ, ದಾಕ್ಷಿಣ್ಯ ಎರಡೂ ಬೇಡ. ತಡವಾದರೆ ಫೋನ್ ಮಾಡು. ಉಪದೇಶ ಬೇಡವೆಂದು ನೀನು ಹೇಳಿ ಹೋಗಿದ್ದೆ; ತಂದೆಯಾದವನಿಗೆ ಇದನ್ನು ಬರೆಯದೆ ಇರಲು ಆಗುವುದಿಲ್ಲ.

ಹೆಮ್ಮೆಯೂ ಅಷ್ಟೇ ಇದೆ. ನನ್ನ ಮಗಳು ಹಡಗು ರಿಪೇರಿ ಮಾಡುವ ಎಂಜಿನಿಯರ್ ಎಂದು ಬಂದರಿನಲ್ಲಿ ನಾನಾಗಿ ಹೇಳುವುದಿಲ್ಲ, ಆದರೆ ಯಾರಾದರೂ ಕೇಳಿದರೆ ಕೈಯಲ್ಲಿರುವ ಸ್ಪ್ಯಾನರ್ ಕೆಳಗಿಟ್ಟು ಪೂರ್ತಿಯಾಗಿ ಹೇಳುತ್ತೇನೆ.

ಯಾರದೋ ಯುದ್ಧ ಎಂದೆಯಲ್ಲ, ಅದಕ್ಕೆ ಕ್ರಾಂಜಿಯೇ ಉತ್ತರ ಹೇಳುತ್ತದೆ. ಗುಡ್ಡದ ಮೇಲಿನ ಸ್ಮಾರಕದ ಗೋಡೆಗಳಲ್ಲಿ, ಸಮಾಧಿಯೂ ಸಿಗದೆ ಹೋದ 24,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಅವುಗಳಲ್ಲಿ ಸಾವಿರಾರು ಹೆಸರುಗಳು ನಮ್ಮ ದೇಶದ ಸಿಪಾಯಿಗಳವು. ನಮ್ಮದಲ್ಲದ ಸರ್ಕಾರ ಸಾರಿದ ಯುದ್ಧಕ್ಕೆ ಹೋಗಿ, ಪಂಜಾಬಿನ, ಗಢವಾಲದ, ಹೈದರಾಬಾದಿನ ಹುಡುಗರು ಅಲ್ಲಿ ಮಡಿದರು. ಮೊದಲು ಅವರ ಹೆಸರುಗಳ ಮುಂದೆ ನಿಲ್ಲು. ಆಮೇಲೆ ಕೆಳಗಿಳಿದು ಜುಲೈ 7ರ ಆ ಹತ್ತು ಜನರನ್ನು ಹುಡುಕು. ಅವರನ್ನು ಮೊದಲು ಬುಕಿಟ್ ತಿಮಾದ ಬಳಿ ಹೂತಿದ್ದರು, ಯುದ್ಧ ಮುಗಿದ ಮೇಲೆ ಕ್ರಾಂಜಿಗೆ ತಂದರು. ನನಗೆ ಫೋಟೊ ಬೇಕಾಗಿಲ್ಲ. ರಾಬರ್ಟ್ ಪೇಜ್ ಅವರ ಕಲ್ಲಿನ ಮೇಲೆ ಮನೆಯವರು ಏನು ಬರೆಸಿದ್ದಾರೆ ಎಂಬುದನ್ನು ಓದಿ, ಹಾಗೆಯೇ ಕನ್ನಡದಲ್ಲಿ ಬರೆದು ಕಳುಹಿಸು.

ಕ್ರಾಂಜಿ ಎಂಬ ಹೆಸರಿನದೇ ರೈಲು ನಿಲ್ದಾಣವಿದೆ, ಅಲ್ಲಿ ಇಳಿದರೆ ನಡೆದೇ ಹೋಗಬಹುದಂತೆ. ಏಳರಂದು ರಜೆ ಸಿಗದಿದ್ದರೆ ಮುಂದಿನ ಭಾನುವಾರ ಹೋಗು. ಮಳೆ ಬರಬಹುದು, ಕೊಡೆ ತೆಗೆದುಕೊಂಡು ಹೋಗು.

ಇಂತಿ ನಿನ್ನ
ಅಪ್ಪ