ಬ್ರಿಜ್‌ನಲ್ಲಿ ಸ್ಲ್ಯಾಮ್ ಹುಡುಕುವ ಬಿಡ್‌ಗಳ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿಮ್ಮ ಬ್ರಿಜ್ ಇಸ್ಪೀಟಾಟದಿಂದ ನೀನು ಬರೆದು ಕಳಿಸಿದ ಬಿಡ್‌ಗಳನ್ನು, ಅಂದರೆ ಎಷ್ಟು ಟ್ರಿಕ್ (ಸುತ್ತು) ಗೆಲ್ಲುತ್ತೇವೆಂದು ಆಟಕ್ಕೆ ಮೊದಲು ಕೂಗುವ ಮಾತುಗಳನ್ನು, ನಿಧಾನವಾಗಿ ಓದಿದೆ. ನೀನು 1 ನೋ ಟ್ರಂಪ್ (ತುರುಫು ಇಲ್ಲದ ಆಟ) ಎಂದು ಆರಂಭಿಸಿದೆ, ಜೊತೆಗಾರ 2 ಕ್ಲಬ್ ಎಂದು, ನಿನ್ನಲ್ಲಿ ಹಾರ್ಟ್ ಅಥವಾ ಸ್ಪೇಡ್ ನಾಲ್ಕು ಎಲೆ ಇವೆಯೇ ಎಂದು ವಿಚಾರಿಸಿದ, ನೀನು 2 ಸ್ಪೇಡ್ ಎಂದೆ, ಅವನು ನೇರವಾಗಿ 4 ನೋ ಟ್ರಂಪ್‌ಗೆ ಹೋದ. ಅವನು ಎಕ್ಕಗಳನ್ನು ಕೇಳುತ್ತಿದ್ದಾನೆಂದು ನೀನು ಉತ್ತರ ಕೊಟ್ಟೆ. ಅವನು ತಿಳಿಯಬಯಸಿದ್ದು ನಿನ್ನ ಕೈಯಲ್ಲಿ, ದೊಡ್ಡ ಎಲೆಗಳಿಗೆ ಎಣಿಸುವ ಲೆಕ್ಕದಲ್ಲಿ, 15 ಪಾಯಿಂಟ್ ಇದೆಯೋ 17 ಇದೆಯೋ ಎಂಬುದನ್ನು. ಮೊದಲೇ ಮಾತಾಡಿಕೊಳ್ಳದಿದ್ದಾಗ ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲವಾದರೂ, ಆ ಬಿಡ್‌ನ ಅರ್ಥವನ್ನು ಆಟದ ನಡುವೆಯೇ ತರ್ಕದಿಂದ ಕಂಡುಕೊಳ್ಳಲು ದಾರಿಯಿತ್ತು ಎಂದು ನನಗೆ ಅನ್ನಿಸುತ್ತದೆ.

ಈಸ್ಲಿ ಬ್ಲ್ಯಾಕ್‌ವುಡ್ 1933ರಲ್ಲಿ ರೂಪಿಸಿದ, 4 ನೋ ಟ್ರಂಪ್‌ನಿಂದ ಎಕ್ಕ ಕೇಳುವ ಪದ್ಧತಿ ಎಷ್ಟು ಬೇರೂರಿದೆಯೆಂದರೆ, 4 ನೋ ಟ್ರಂಪ್ ಕಿವಿಗೆ ಬಿದ್ದೊಡನೆ ನಾವು ಎಕ್ಕ ಎಣಿಸಲು ತೊಡಗುತ್ತೇವೆ. ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದೇ ಮಾತನ್ನು ಹೇಳಲು ಜೊತೆಗಾರನಿಗೆ ಬೇರೆ ದಾರಿ ಇತ್ತೇ? ಸ್ಪೇಡ್ ಹೊಂದಿಕೆಯಾಗಿದ್ದರೆ, ಅನೇಕ ಜೋಡಿಗಳು ಆಡುವಂತೆ 3 ಹಾರ್ಟ್ ಎಂದು ಕೃತಕವಾಗಿ ಅದನ್ನು ಸೂಚಿಸಿ, ನಿಧಾನವಾಗಿ ಮೇಲೇರಬಹುದಿತ್ತು. ಆದರೆ ಹಾರ್ಟ್‌ನಲ್ಲಿ ನಾಲ್ಕು ಎಲೆ, ಸ್ಪೇಡ್‌ನಲ್ಲಿ ಎರಡೇ, ಸಮತೂಕದ 16 ಪಾಯಿಂಟ್ ಹಿಡಿದವನಿಗೆ 4 ನೋ ಟ್ರಂಪ್ ಬಿಟ್ಟು ಸಹಜವಾದ ಮತ್ತೊಂದು ಬಿಡ್ ಇಲ್ಲ. 6 ನೋ ಟ್ರಂಪ್ ಎಂಬ ಸಣ್ಣ ಸ್ಲ್ಯಾಮ್‌ಗೆ (13 ಟ್ರಿಕ್‌ಗಳಲ್ಲಿ 12 ಗೆಲ್ಲಬೇಕಾದ ಬಿಡ್) ಇಬ್ಬರ ಕೈಗೂ ಸೇರಿ ಸುಮಾರು 33 ಪಾಯಿಂಟ್ ಬೇಕು. ನಿನ್ನಲ್ಲಿ 17 ಇದ್ದರೆ ಮುಂದುವರಿ, 15 ಇದ್ದರೆ ಪಾಸ್ ಮಾಡು ಎಂಬುದಷ್ಟೇ ಅವನ ಕೋರಿಕೆ.

ಇದಕ್ಕಿಂತ ಸೂಕ್ಷ್ಮವಾದದ್ದು 5 ಸ್ಪೇಡ್. ಸ್ಪೇಡ್‌ನಲ್ಲಿ ಎಕ್ಕ, ರಾಜ, ರಾಣಿಯ ಜೊತೆಗೆ ಮೂರು ಸಣ್ಣ ಎಲೆ, ಹಾರ್ಟ್‌ನಲ್ಲಿ ಎರಡು ಸಣ್ಣ ಎಲೆ, ಡೈಮಂಡ್‌ನಲ್ಲಿ ರಾಜ ಮತ್ತು ಒಂದು ಸಣ್ಣದು, ಕ್ಲಬ್‌ನಲ್ಲಿ ಎಕ್ಕ, ರಾಜ ಮತ್ತು ಒಂದು ಸಣ್ಣದು ನಿನ್ನ ಕೈಯಲ್ಲಿವೆ ಎಂದುಕೊ. ನೀನು 1 ಸ್ಪೇಡ್, ಜೊತೆಗಾರ 3 ಸ್ಪೇಡ್, ನೀನು 4 ಕ್ಲಬ್, ಅವನು 4 ಡೈಮಂಡ್ ಎಂದು ಬಿಡ್ ಸಾಗಿದೆ. ಕೊನೆಯ ಎರಡು ಆಯಾ ಸೂಟಿನ ಕಂಟ್ರೋಲನ್ನು, ಅಂದರೆ ಎದುರಾಳಿಗಳು ಅದರ ಮೊದಲ ಎರಡು ಟ್ರಿಕ್ ಗೆಲ್ಲದಂತೆ ತಡೆಯುವ ಬಲವನ್ನು, ತೋರಿಸುತ್ತವೆ. ಇಲ್ಲಿ ಎಕ್ಕ ಕೇಳಿ ಪ್ರಯೋಜನವಿಲ್ಲ, ಏಕೆಂದರೆ ಹಾರ್ಟ್‌ನ ಮೊದಲ ಎರಡು ಟ್ರಿಕ್ ಎದುರಾಳಿಗಳ ಪಾಲಾಗುತ್ತವೆಯೇ ಎಂಬುದೊಂದೇ ನಿನ್ನ ಚಿಂತೆ, ಮತ್ತು ಜೊತೆಗಾರನಲ್ಲಿ ಎಕ್ಕವಿಲ್ಲದೆ ಹಾರ್ಟ್ ರಾಜನಿದ್ದರೂ ಆ ಚಿಂತೆ ನೀಗಬಹುದು. ನೀನು 4 ಹಾರ್ಟ್ ದಾಟಿ 5 ಸ್ಪೇಡ್‌ಗೆ ಹೋದಾಗ, ಉಳಿದೆಲ್ಲ ನನ್ನಲ್ಲಿದೆ, ಹಾರ್ಟ್‌ನಲ್ಲಿ ರಾಜನೋ ಒಂಟಿ ಎಲೆಯೋ ಇದ್ದರೆ 6 ಎನ್ನು ಎಂದಂತಾಗುತ್ತದೆ. ನಡುವೆ ಯಾವ ಕಂಟ್ರೋಲನ್ನೂ ತೋರಿಸದೆ 1 ಸ್ಪೇಡ್, 3 ಸ್ಪೇಡ್, 5 ಸ್ಪೇಡ್ ಎಂದರೆ ಪ್ರಶ್ನೆ ತುರುಫಿನ ಗುಣಮಟ್ಟದ್ದು. ಎದುರಾಳಿಗಳು ಒಂದು ಸೂಟ್ ಬಿಡ್ ಮಾಡಿದ್ದರೆ ಸಾಮಾನ್ಯವಾಗಿ ಅವರ ಸೂಟಿನ ಕಂಟ್ರೋಲ್ ಬಗ್ಗೆ ಕೇಳಿದಂತೆ. ಬಿಡ್ ಒಂದೇ ಆದರೂ ಅರ್ಥ ಮೂರು. ಯಾವುದೆಂಬುದು ಹಿಂದೆ ನಡೆದದ್ದರಿಂದ ಮತ್ತು ನಡೆಯದೇ ಬಿಟ್ಟದ್ದರಿಂದ ತೀರ್ಮಾನವಾಗುತ್ತದೆ.

ಸಂದೇಹ ಉಳಿದಾಗ ಅಂಕಗಳ ಲೆಕ್ಕವನ್ನು ಮನಸ್ಸಿನಲ್ಲಿಡು. ವಲ್ನರಬಲ್ (ಬಹುಮಾನ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಆಗಿರುವಾಗ 6 ಸ್ಪೇಡ್ ಗೆದ್ದರೆ 1430, 4 ಸ್ಪೇಡ್‌ನಲ್ಲೇ ನಿಂತು ಅಷ್ಟೇ ಟ್ರಿಕ್ ಪಡೆದರೆ 680, ಲಾಭ 750. ಒಂದು ಟ್ರಿಕ್‌ನಿಂದ ಸೋತರೆ, ಬರಬೇಕಿದ್ದ 650 ಹೋಗಿ ಮೇಲೆ 100 ದಂಡ, ನಷ್ಟವೂ 750. ಆದ್ದರಿಂದ ಸಣ್ಣ ಸ್ಲ್ಯಾಮ್‌ಗೆ ಅರ್ಧಕ್ಕರ್ಧ ಸಾಧ್ಯತೆ ಸಾಕು. ಎಲ್ಲ 13 ಟ್ರಿಕ್ ಗೆಲ್ಲಬೇಕಾದ 7ರ ಮಾತು ಹಾಗಲ್ಲ: ಗೆದ್ದರೆ ಹೆಚ್ಚಾಗಿ ಬರುವುದು 750, ಒಂದರಿಂದ ಸೋತರೆ ಕೈತಪ್ಪುವುದು 1530. ಹಾಗಾಗಿ 5 ನೋ ಟ್ರಂಪ್ ಅನ್ನು ಓದುವಾಗ ಎರಡರಷ್ಟು ಎಚ್ಚರ ಬೇಕು. ತುರುಫು ಖಚಿತವಾಗಿದ್ದು ನೇರವಾಗಿ ಬಂದರೆ, ಹಳೆಯ ಪದ್ಧತಿಯಲ್ಲಿ ಅದು ತುರುಫಿನ ಮೊದಲ ಮೂರು ದೊಡ್ಡ ಎಲೆಗಳಲ್ಲಿ ಎರಡಿದ್ದರೆ 7 ಎನ್ನು ಎಂಬ ಸೂಚನೆ. ತುರುಫು ನಿರ್ಧಾರವಾಗಿರದಿದ್ದರೆ, ಯಾವ ಸೂಟಿನಲ್ಲಿ 6 ಆಡೋಣ ಎಂಬ ಪ್ರಶ್ನೆಯೆಂದು ಇಂದು ಹಲವರು ಓದುತ್ತಾರೆ, ನಾನೂ ಹಾಗೆಯೇ ಓದುತ್ತೇನೆ.

ಇನ್ನೊಂದು ಮಾತು. ಜೊತೆಗಾರ ಬಿಡ್ ಮಾಡಲು ತೆಗೆದುಕೊಂಡ ಸಮಯದಿಂದಾಗಲಿ, ಅವನ ಮುಖಭಾವದಿಂದಾಗಲಿ ಅರ್ಥ ಹುಡುಕಬೇಡ. ನಿಯಮವೂ ಅದನ್ನು ಒಪ್ಪುವುದಿಲ್ಲ. ಬಿಡ್‌ನ ಅರ್ಥವನ್ನು ಎದುರಾಳಿಗಳು ಕೇಳಬಹುದು, ಆದರೆ ಅವನ ಬಿಡ್ ಏನೆಂದು ನೀನು ಅವನನ್ನೇ ಕೇಳುವಂತಿಲ್ಲ. ಆದ್ದರಿಂದ ಈ ಮೂರು ಬಿಡ್‌ಗಳ ಬಗ್ಗೆ ಮುಂದಿನ ಆಟಕ್ಕೆ ಮೊದಲೇ ಇಬ್ಬರೂ ಕುಳಿತು ಒಪ್ಪಂದ ಮಾಡಿಕೊಳ್ಳಿ. 5 ನೋ ಟ್ರಂಪ್ ಬಗ್ಗೆ ಏನು ತೀರ್ಮಾನಿಸಿದಿರೆಂದು ನನಗೂ ಬರೆ.

ನಿನ್ನ ಗೆಳೆಯ