ಬಿಲ್ಲಿನಲ್ಲಿ ವೋಲ್ಟೇಜನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಳೆಯ ಕಾರಿನ ವೈರಿಂಗ್ ಕೈಕೊಡಲು ಶುರುವಾದರೆ ಮಾರಿಬಿಡುವುದೇ ವಾಸಿ ಎಂದು ನಿಮ್ಮ ವಾಹನ ಪುಟದಲ್ಲಿ ಬಂದ ಸಲಹೆ ಓದಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಡೀಸೆಲ್ ಕಾರಿಗೆ ಈಗ 23 ವರ್ಷ. ಮಾರುವ ಯೋಚನೆ ನನಗೂ ಬಂದಿತ್ತು. ಕೊನೆಗೆ ಕೆಟ್ಟಿದ್ದದ್ದು ಒಂದು ಗೇಣುದ್ದದ ವೈರು.

ರಾತ್ರಿ ಹೆಡ್‌ಲೈಟ್ ಹಾಕಿ ಹೋಗುತ್ತಿದ್ದಾಗ ಮೀಟರ್ ಬೋರ್ಡಿನ ದೀಪ ಮಂಕಾಗುತ್ತಿತ್ತು. ಹಾರ್ನ್ ಒತ್ತಿದರೆ ನೆಗಡಿಯಾದ ದನಿ. ವೈಪರ್ ಗಾಜಿನ ನಡುವೆಯೇ ನಿಂತುಬಿಡುತ್ತಿತ್ತು. ಎಂಜಿನ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಓಡುತ್ತಿತ್ತು. ಎರಡು ನಿಮಿಷ ಕಳೆದರೆ ಎಲ್ಲವೂ ಸರಿ. ವರ್ಕ್‌ಶಾಪಿಗೆ ಒಯ್ದ ದಿನವಂತೂ ಏನೂ ಆಗುತ್ತಿರಲಿಲ್ಲ. ಮೊದಲ ಸಲ ಬ್ಯಾಟರಿ ಬದಲಾಯಿತು, ಎರಡನೇ ಸಲ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಮೂರನೇ ಸಲ, ‘ಪೂರ್ತಿ ವೈರಿಂಗ್ ಹೊಸದು ಹಾಕಬೇಕು ಸಾರ್’ ಎಂದರು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಲೇಗಳ ಜೊತೆ ಏಗಿ ನಿವೃತ್ತನಾದವನು. ಬಂದುಹೋಗುವ ದೋಷಕ್ಕೆ ಮೊದಲು ಜೋಡಣೆಗಳನ್ನು ನೋಡು ಎಂದು ಹೊಸಬರಿಗೆ ಹೇಳಿಕೊಟ್ಟವನೇ ಸ್ವಂತ ಕಾರಿನ ವಿಷಯದಲ್ಲಿ ಅದನ್ನು ಮರೆತು ಕೂತಿದ್ದೆ.

ಕಣ್ಣೆದುರಿಗೇ ಎರಡು ಸುಳಿವುಗಳಿದ್ದವು. ದೀಪ ಮಂಕಾಗಿದ್ದಾಗಲೂ ಸೆಲ್ಫ್ ಹೊಡೆದರೆ ಎಂಜಿನ್ ಗಟ್ಟಿಯಾಗಿ ತಿರುಗುತ್ತಿತ್ತು. ಕಾರಿನಲ್ಲಿ ಅತಿ ಹೆಚ್ಚು ಕರೆಂಟ್ ಎಳೆಯುವುದು ಸ್ಟಾರ್ಟರ್. ಅದು ತಿರುಗಿದರೆ ಬ್ಯಾಟರಿಯೂ ಸರಿ, ಎಂಜಿನ್ನಿಗೆ ಹೋಗುವ ದಪ್ಪ ಕೇಬಲ್ಲೂ ಸರಿ. ಇನ್ನೊಂದು, ರೇಡಿಯೊದ ಗಡಿಯಾರ. ಕಾಟ ಕೊಟ್ಟಾಗಲೆಲ್ಲ ಅದು 12:00ಕ್ಕೆ ಮರಳಿರುತ್ತಿತ್ತು. ಕೀ ತೆಗೆದರೂ ನಡೆಯುವ ಗಡಿಯಾರಕ್ಕೆ ಕರೆಂಟ್ ಕೀ ಸ್ವಿಚ್ಚಿನ ಮೂಲಕ ಬರುವುದಿಲ್ಲ, ಹಾಗಾಗಿ ಆ ಸ್ವಿಚ್ಚಿನ ಮೇಲಿನ ಅನುಮಾನ ಹೋಯಿತು. ಉಳಿದದ್ದು ಎರಡೇ: ಫ್ಯೂಸ್ ಬಾಕ್ಸಿಗೆ ಹೋಗುವ ಮುಖ್ಯ ಪಾಸಿಟಿವ್ ವೈರು, ಇಲ್ಲವೇ ಬ್ಯಾಟರಿಯ ನೆಗೆಟಿವನ್ನು ಕಾರಿನ ಲೋಹದ ಬಾಡಿಯ ಜೊತೆ ಜೋಡಿಸುವ ಅರ್ತ್ ವೈರು, ಅಂದರೆ ದೀಪ-ಹಾರ್ನ್‌ಗಳ ಕರೆಂಟ್ ಬ್ಯಾಟರಿಗೆ ಮರಳುವ ದಾರಿ.

ಅರ್ತ್ ವೈರನ್ನು ವರ್ಕ್‌ಶಾಪಿನವರು ನೋಡಿರಲಿಲ್ಲವೆಂದಲ್ಲ. ಮೀಟರಿನಲ್ಲಿ ಕಂಟಿನ್ಯೂಟಿ (ವೈರು ತುಂಡಾಗಿದೆಯೇ ಎಂಬ ಪರೀಕ್ಷೆ) ಹಿಡಿದಿದ್ದರು, ‘ಪೀಂ’ ಎಂದಿತ್ತು. ಅಲ್ಲೇ ಮೋಸ ಹೋಗುವುದು. ಆ ಪರೀಕ್ಷೆಗೆ ಮೀಟರ್ ಹರಿಸುವುದು ತೀರಾ ಚಿಕ್ಕ ಕರೆಂಟ್. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಅದು ದಾಟುತ್ತದೆ. ಆದರೆ ಎರಡು ಹೆಡ್‌ಲೈಟ್ ಸೇರಿದರೆ ಸುಮಾರು 10 ಆಂಪಿಯರ್. ದಾರಿಯಲ್ಲಿ 0.3 ಓಮ್ ಅಡ್ಡಿ ಇದ್ದರೂ ಸಾಕು, 3 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಅಷ್ಟು ಸಣ್ಣ ಅಡ್ಡಿ ‘ಪೀಂ’ಗೆ ಲೆಕ್ಕಕ್ಕೇ ಇಲ್ಲ.

ನಾನು ಹೆಡ್‌ಲೈಟ್ ಹಾಕಿ, ಮೀಟರನ್ನು ಡಿ.ಸಿ. ವೋಲ್ಟಿನಲ್ಲಿಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ (ಅದರ ಮೇಲಿನ ಕ್ಲಾಂಪಿಗಲ್ಲ), ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ಇಟ್ಟೆ. 0.1 ವೋಲ್ಟಿನ ಆಸುಪಾಸಿನಲ್ಲಿರಬೇಕಿತ್ತು. ವೈರನ್ನು ಕೈಯಲ್ಲಿ ಅಲುಗಿಸಿದಾಗ 3.1ಕ್ಕೆ ಹಾರಿತು, ದೀಪವೂ ಮಂಕಾಯಿತು. ವೈರಿನ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ತುಂಡು) ಒತ್ತಿದ ಜಾಗದಲ್ಲಿ ಹೊದಿಕೆ ಸೀಳಿದರೆ ಒಳಗೆಲ್ಲ ಹಸಿರು ಪುಡಿ. ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ, ಹೊಸ ವೈರಿಗೆ ಲಗ್ ಒತ್ತಿಸಿ, ಬಾಡಿಯ ಜಾಗವನ್ನು ಹೊಳೆಯುವಂತೆ ಉಜ್ಜಿ ಕೂರಿಸಿದೆ. ಈಗ 0.04.

ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವವರು ಈಗಲೂ ಇದ್ದಾರೆ. ಅದು ಡೈನಮೋ ಕಾಲದ ಅಭ್ಯಾಸ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಅದರೊಳಗಿನ ಡಯೋಡ್ ಸುಡಬಹುದು. ನಿಮ್ಮ ಕಾರಿಗೆ ಹಾಗೆ ಮಾಡಲು ಬಂದರೆ ದಯವಿಟ್ಟು ಕೈ ಹಿಡಿದು ತಡೆಯಿರಿ.

ವರ್ಕ್‌ಶಾಪಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಬದಲಿಸಿದ ಭಾಗದ ಹೆಸರಿನ ಪಕ್ಕದಲ್ಲಿ, ಬದಲಿಸುವ ಮುಂಚೆ ಅದು ತೋರಿಸಿದ ವೋಲ್ಟೇಜನ್ನೂ ಬಿಲ್ಲಿನಲ್ಲಿ ಬರೆಯಲಿ. ಸಾಮಾನ್ಯವಾಗಿ ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರುತ್ತಿದ್ದರೆ, ಆಲ್ಟರ್ನೇಟರ್ ಯಾಕೆ ಬದಲಿಸಿದಿರಿ ಎಂದು ಕೇಳಲು ನಮಗೂ ಒಂದು ಆಧಾರ ಸಿಗುತ್ತದೆ. ನನ್ನ ಹಳೆಯ ಆಲ್ಟರ್ನೇಟರ್ ಎಷ್ಟು ಕೊಡುತ್ತಿತ್ತು ಎಂಬುದು ಆ ಬಿಲ್ಲಿನಲ್ಲಿ ಎಲ್ಲೂ ಇಲ್ಲ.

ಇಂತಿ,
ನಿವೃತ್ತ ಟೆಲಿಫೋನ್ ತಂತ್ರಜ್ಞ