ಮಗಳಿಗೊಂದು ಪತ್ರ: ಪಾರಿಸ್ ಬೆಟ್ಟಕ್ಕೆ ಹೋಗುವ ಮುನ್ನ

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದಗಳು. ಬ್ಯಾಂಗರ್‌ನ ಚಳಿಯನ್ನು ಬೈದು ಬರೆದಿದ್ದೀಯ. ಸ್ವೆಟರ್ ಪೆಟ್ಟಿಗೆಯಲ್ಲೇ ಇದ್ದರೆ ಚಳಿ ಹೇಗೆ ಬಿಡುತ್ತದೆ? ಇರಲಿ. ರಜೆಯಲ್ಲಿ ವೇಲ್ಸ್‌ನ ಆಂಗಲ್ಸಿ ದ್ವೀಪದ ಪಾರಿಸ್ ಬೆಟ್ಟ ನೋಡಲು ಹೋಗುತ್ತಿದ್ದೀಯಲ್ಲ, ಆ ಪಾಳುಬಿದ್ದ ತಾಮ್ರದ ಗಣಿಯಿಂದ ಕುಬೇರನಾದವನು ಒಬ್ಬ ವಕೀಲ. ಕಾನೂನು ಓದುವ ನೀನು ಅವನ ವಿಷಯ ತಿಳಿದುಕೊಂಡೇ ಹೋಗಬೇಕು.

ಅಲ್ಲಿ ಸುಮಾರು 4000 ವರ್ಷಗಳ ಹಿಂದೆಯೇ, ಕಂಚಿನ ಯುಗದವರು ಅಗೆದಿದ್ದರು. 1768ರ ಮಾರ್ಚ್ 2ರಂದು ರೋಲೆಂಡ್ ಪ್ಯೂ ಎಂಬ ಗಣಿ ಕಾರ್ಮಿಕನಿಗೆ ಭಾರೀ ಅದಿರು ಸಿಕ್ಕಿತು. ಅವನಿಗೆ ದಕ್ಕಿದ್ದು ಒಂದು ಬಾಟಲಿ ಮದ್ಯ, ಬದುಕಿರುವಷ್ಟು ದಿನ ಬಾಡಿಗೆಯಿಲ್ಲದ ಮನೆ ಎನ್ನುತ್ತಾರೆ. ಅದಿರು ಕಂಡದ್ದೇ ತಡ, ಬೆಟ್ಟ ಯಾರದು ಎಂಬ ವ್ಯಾಜ್ಯ ಶುರುವಾಯಿತು. ಒಂದು ಕಡೆ ಜಮೀನ್ದಾರ ನಿಕೊಲಸ್ ಬೇಲಿ, ಇನ್ನೊಂದು ಕಡೆ ಪಾದ್ರಿ ಎಡ್ವರ್ಡ್ ಹ್ಯೂಸ್. ಹ್ಯೂಸ್ ಪರ ನಿಂತವನು ನಾನು ಹೇಳಿದ ಆ ವಕೀಲ, ಥಾಮಸ್ ವಿಲಿಯಮ್ಸ್. ವರ್ಷಗಟ್ಟಲೆ ಎಳೆದ ವ್ಯಾಜ್ಯ ಮುಗಿಯುವ ಹೊತ್ತಿಗೆ ವಕೀಲನೇ ಗಣಿಯ ಪಾಲುದಾರನಾಗಿದ್ದ! (ನೀನು ಫೀಸು ತೆಗೆದುಕೊಂಡು ಮನೆಗೆ ಬಾ, ಸಾಕು.)

ಹಡಗಿನ ತಳವನ್ನು ಹುಳು ಕೊರೆಯದಂತೆ ತಾಮ್ರದ ತಗಡು ಹೊದಿಸುವ ಕಾಲ ಅದು. ಬ್ರಿಟಿಷ್ ನೌಕಾಪಡೆಯೇ ವಿಲಿಯಮ್ಸ್‌ನ ಗಿರಾಕಿ. ಸರ್ಕಾರದ ಚಿಲ್ಲರೆ ಸಾಲದೆ ಬಂದಾಗ, 1787ರಲ್ಲಿ ಗಣಿ ಕಂಪನಿ ತನ್ನದೇ ಪೆನ್ನಿ ನಾಣ್ಯ ಹೊರಡಿಸಿತು. ಊರಿನವರು ಅವನನ್ನು ‘ನ್ಯಾಯದ ಟಾಮ್’ ಎಂದು ಕರೆದರು. ಅದೇ ನ್ಯಾಯದ ಟಾಮ್, ಗುಲಾಮರ ಸಾಗಾಟಕ್ಕೆ ಕಡಿವಾಣ ಹಾಕುವ ಮಸೂದೆ 1788ರಲ್ಲಿ ಬಂದಾಗ ಪಾರ್ಲಿಮೆಂಟಿಗೆ ತಕರಾರು ಅರ್ಜಿ ಹಾಕಿದ. ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳಲು ಕೊಡುತ್ತಿದ್ದ ಕಡಗ, ಪಾತ್ರೆಗಳಿಗೆ ತಾಮ್ರ ಅವನದು. ಯಾರಿಗೆ ನ್ಯಾಯ, ಯಾವ ಊರಿನ ಗಡಿಯವರೆಗೆ ನ್ಯಾಯ ಎಂದು ನಿನ್ನ ಮೇಷ್ಟರನ್ನು ಕೇಳು.

ನನಗೆ ಅವನಿಗಿಂತ ಅಲ್ಲಿನ ಹೆಂಗಸರೇ ಮನಸ್ಸಿನಲ್ಲಿ ಉಳಿದಿದ್ದಾರೆ. ಸಾಲಾಗಿ ಕುಳಿತು, ಎಡಗೈ ಬೆರಳುಗಳಿಗೆ ಕಬ್ಬಿಣದ ಬಳೆಗಳಿರುವ ಗವಸು ತೊಟ್ಟು ಅದಿರನ್ನು ಅದುಮಿ ಹಿಡಿದು, ಬಲಗೈಯ ಸುತ್ತಿಗೆಯಿಂದ ದಿನವಿಡೀ ಕುಟ್ಟುತ್ತಿದ್ದರು. ಗವಸು ಎಡಗೈಗೆ ಮಾತ್ರ. 1819ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಅಲ್ಲಿಗೆ ಹೋದಾಗ ಇವರನ್ನು ಕಂಡಿದ್ದ. ನಾನು ಇಷ್ಟು ವರ್ಷ ಪಾಠ ಹೇಳಿದ ಫ್ಯಾರಡೆಯೇ!

ಬೆಟ್ಟದ ಬುಡದಲ್ಲಿ ಹಳೆಯ ಕೊಳಗಳಿವೆ, ತಪ್ಪದೆ ನೋಡು. ಗಣಿಯ ನೀರಿಗೆ ಗುಜರಿ ಕಬ್ಬಿಣ ಹಾಕಿದರೆ ಕಬ್ಬಿಣ ಕರಗಿ ತಾಮ್ರ ತಳಕ್ಕೆ ಇಳಿಯುತ್ತದೆ. ಮೈಲುತುತ್ತದ ದ್ರಾವಣಕ್ಕೆ ಮೊಳೆ ಹಾಕಿ ನಾನು ಒಂಬತ್ತನೆಯ ತರಗತಿಗೆ ತೋರಿಸುತ್ತಿದ್ದ ಪ್ರಯೋಗವೇ ಇದು. ಒಳ್ಳೆಯ ಅದಿರು ಮುಗಿದ ಮೇಲೂ ಈ ವಿಧಾನದಿಂದ ಬಹಳ ಕಾಲ ತಾಮ್ರ ತೆಗೆದರು.

ಕೆಂಪು, ಹಳದಿ, ನೇರಳೆ ಬಣ್ಣದ ಆ ನೆಲದಲ್ಲಿ ಇವತ್ತಿಗೂ ಗಿಡ ಸರಿಯಾಗಿ ಹಿಡಿದಿಲ್ಲ. ಗಣಿಯ ಆಮ್ಲ ಹರಿದು ಹೋಗುವ ಹೊಳೆಗೆ ಕೆಂಪು ಹೊಳೆ ಎಂದೇ ಹೆಸರು. ಬಣ್ಣ ಚೆನ್ನಾಗಿದೆ ಎಂದು ನೀರಿಗೆ ಕೈ ಹಾಕಬೇಡ. ಹೊಸ ಬೂಟು ಹಾಕಿಕೊಂಡೂ ಹೋಗಬೇಡ. ಕೊಳದ ಫೋಟೋ ಕಳುಹಿಸು, ಮುಂದೆ ನಿಂತು ಅದನ್ನು ಮರೆಮಾಡದೆ.

ನಿನ್ನ
ಅಮ್ಮ